‘ಆರು ತಿಂಗಳಲ್ಲಿ ಮಾತು ಬರುತ್ತದೆ’ ಎನ್ನುವವರಿಗೆ ಮುಂಗಡ ಹಣ ಕೊಡಬೇಡಿ

ಆಟಿಸಂ (ಮಾತು, ಬೆರೆಯುವಿಕೆ, ನಡವಳಿಕೆಯ ಬೆಳವಣಿಗೆ ಬೇರೆಯಾಗಿರುವ ಸ್ಥಿತಿ) ಇರುವ ಮಕ್ಕಳ ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ. ‘ಆರು ತಿಂಗಳಲ್ಲಿ ಮಗು ಮಾತಾಡುತ್ತದೆ, ಮುಂದಿನ ಜೂನ್‌ಗೆ ಎಲ್ಲ ಮಕ್ಕಳ ಹಾಗೆ ಶಾಲೆಗೆ ಹೋಗುತ್ತದೆ’ ಎಂದು ಯಾವ ಥೆರಪಿ ಕೇಂದ್ರದವರು ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ಪೂರ್ತಿ ಹಣವನ್ನು ಮುಂಗಡವಾಗಿ ಕೇಳಿದರಂತೂ ಒಂದು ಕ್ಷಣವೂ ಕೂರಬೇಡಿ. ನಾವು ಬೆಂಗಳೂರಿನ ಒಂದು ಕೇಂದ್ರಕ್ಕೆ ಹೀಗೆ ಒಂದೂವರೆ ಲಕ್ಷ ರೂಪಾಯಿ ಕಟ್ಟಿದೆವು. ಹಣವನ್ನು ಹೇಗೋ ದುಡಿದುಕೊಳ್ಳಬಹುದು, ಆದರೆ ಅವರ ಮಾತು ಕೇಳಿ ನಮ್ಮ ಮನೆಯವರೇ ಒಬ್ಬರನ್ನೊಬ್ಬರು ದೂರುವಂತಾಯಿತಲ್ಲ, ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ನಾವು ಹಾಸನದವರು. ಮಗನಿಗೆ ಐದು ವರ್ಷ. ಮಾತು ಬಂದಿಲ್ಲ, ಬೇಕಾದ್ದರ ಬಳಿಗೆ ನಮ್ಮ ಕೈ ಹಿಡಿದು ಎಳೆದೊಯ್ಯುತ್ತಾನೆ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಥೆರಪಿಯ ವ್ಯವಹಾರ ಸಾಮಾನ್ಯವಾಗಿ ಹೇಗೆ ನಡೆಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಸೆಷನ್ನಿಗಿಷ್ಟು ಎಂದೋ ತಿಂಗಳಿಗಿಷ್ಟು ಎಂದೋ ಶುಲ್ಕ ಇರುತ್ತದೆ, ಸೆಷನ್ ಮುಗಿಯುವಾಗ ಥೆರಪಿಸ್ಟ್ ತಾಯಿಯನ್ನು ಒಳಗೆ ಕರೆದು ಇವತ್ತು ಏನು ಮಾಡಿಸಿದೆ, ಮನೆಯಲ್ಲಿ ಏನು ಮಾಡಿಸಬೇಕು ಎಂದು ತೋರಿಸಿಕೊಡುತ್ತಾರೆ. ಇಲ್ಲಿ ಅದು ಯಾವುದೂ ಇರಲಿಲ್ಲ. ‘ಇಂಟೆನ್ಸಿವ್ ಪ್ಯಾಕೇಜ್’ ಎಂದರು, ಹಣ ಮೊದಲೇ ಎಂದರು, ತಾಯಿ ಕಣ್ಣಿಗೆ ಬಿದ್ದರೆ ಮಗು ಸಹಕರಿಸುವುದಿಲ್ಲವೆಂದು ಬಾಗಿಲು ಹಾಕಿಕೊಂಡರು. ನನ್ನ ಸರವನ್ನು ಸಹಕಾರ ಸಂಘದಲ್ಲಿ ಅಡವಿಟ್ಟು, ಏಳನೇ ತರಗತಿಯಲ್ಲಿರುವ ಮಗಳನ್ನು ಯಜಮಾನರೊಂದಿಗೆ ಊರಿನಲ್ಲೇ ಬಿಟ್ಟು, ಮಗನನ್ನೂ ಅತ್ತೆಯವರನ್ನೂ ಕರೆದುಕೊಂಡು ನಾನು ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದೆ.

ಎರಡನೆಯ ತಿಂಗಳಿಗೆ ಆಹಾರದ ಮಾತು ಬಂತು. ಗೋಧಿ ಮತ್ತು ಹಾಲಿನ ಪದಾರ್ಥಗಳು ಮಗುವಿನ ಮೆದುಳಿಗೆ ಮಂಪರು ಹಿಡಿಸುತ್ತಿವೆ, ಎಲ್ಲವನ್ನೂ ನಿಲ್ಲಿಸಬೇಕು, ಬದಲಿಗೆ ತಮ್ಮಲ್ಲೇ ಸಿಗುವ ಒಂದು ಪುಡಿಯನ್ನು ಕೊಡಬೇಕು ಎಂದರು. ನನ್ನ ಮಗ ತಿನ್ನುತ್ತಿದ್ದುದೇ ಮೊಸರನ್ನ. ಇಂಥ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ತಟ್ಟೆ, ಅದೇ ಹದ, ಒಗ್ಗರಣೆಯ ಒಂದು ಸಾಸಿವೆ ಕಾಳು ಕಂಡರೂ ತಟ್ಟೆಯನ್ನು ದೂರ ತಳ್ಳುತ್ತಾನೆ. ಮೊಸರು ನಿಲ್ಲಿಸಿದ ಮೇಲೆ ಅವನು ಊಟವನ್ನೇ ನಿಲ್ಲಿಸಿದ. ಅವರು ಕೊಟ್ಟ ಪುಡಿ ಬಾಯಿಗೆ ಹೋದಷ್ಟೇ ವೇಗದಲ್ಲಿ ಹೊರಗೆ ಬರುತ್ತಿತ್ತು. ಹಸಿವಿನಿಂದ ರಾತ್ರಿ ಎದ್ದು ಕೂತು ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ ಮೊಮ್ಮಗನನ್ನು ನೋಡಲಾರದೆ ಅತ್ತೆಯವರು ಒಂದು ದಿನ ನನಗೆ ತಿಳಿಯದಂತೆ ಮೊಸರನ್ನ ಕಲಸಿ ತಿನ್ನಿಸಿದರು. ನಾನು ಅದನ್ನು ಕೇಂದ್ರದವರಿಗೆ ಹೇಳಿದಾಗ ಅಲ್ಲಿನ ನಿರ್ದೇಶಕರು ಕೊಟ್ಟ ಉತ್ತರ ಇದು: ‘ಮೇಡಂ, ನಾವು ಮೂರು ತಿಂಗಳು ಕಟ್ಟಿದ್ದನ್ನು ನಿಮ್ಮ ಅತ್ತೆ ಒಂದೇ ದಿನದಲ್ಲಿ ಕೆಡವಿದ್ದಾರೆ. ಮಗುವಿಗೆ ಮಾತು ಬರದಿದ್ದರೆ ಅದಕ್ಕೆ ಅವರೇ ಹೊಣೆ.’ ಎಪ್ಪತ್ತು ದಾಟಿದ, ಆ ಮಗುವನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಹೆಂಗಸಿನ ಬಗ್ಗೆ ಆಡಿದ ಮಾತು ಇದು. ಅತ್ತೆಯವರು ಅದನ್ನು ಕಿವಿಯಾರೆ ಕೇಳಿಸಿಕೊಂಡರು. ಮರುದಿನವೇ ಊರಿಗೆ ಹೋಗುತ್ತೇನೆಂದು ಬಟ್ಟೆ ಕಟ್ಟಿಕೊಂಡರು. ಯಜಮಾನರು ಫೋನಿನಲ್ಲಿ ನನ್ನ ಮೇಲೆ ರೇಗಿದರು, ನಾನು ಅವರ ಮೇಲೆ ರೇಗಿದೆ. ಮನೆಯೊಳಗೆ ಇಂಥ ಬಿರುಕು ಬಿಟ್ಟಿರುವಾಗ ಕೇಂದ್ರದ ಕಡೆ ಬೆರಳು ತೋರಿಸಲು ಯಾರಿಗೆ ವ್ಯವಧಾನವಿರುತ್ತದೆ? ಅವರಿಗೆ ಬೇಕಾಗಿದ್ದುದೂ ಅದೇ ಎಂದು ಈಗ ನಾನು ನಂಬಿದ್ದೇನೆ.

ಸತ್ಯ ತಿಳಿದದ್ದು ಪ್ರಗತಿ ವರದಿ ಕೈಗೆ ಬಂದ ದಿನ. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಇನ್ನೊಬ್ಬ ತಾಯಿ ಕೂತಿದ್ದರು. ಅವರ ಮಗಳು ನನ್ನ ಮಗನಂತಲ್ಲ, ಬೆಳಗಿನಿಂದ ಸಂಜೆಯವರೆಗೆ ಟಿ.ವಿ. ಜಾಹೀರಾತಿನ ಸಾಲುಗಳನ್ನು ಒಂದಕ್ಷರ ತಪ್ಪದೆ ಹೇಳುತ್ತಲೇ ಇರುವ ಹುಡುಗಿ. ಆಕೆಯ ವರದಿಯಲ್ಲಿ ‘ಈಗ ಮಗು ಒಂದೊಂದೇ ಪದ ನುಡಿಯಲು ಪ್ರಾರಂಭಿಸಿದೆ’ ಎಂದಿತ್ತು. ನನ್ನ ಮಗನ ವರದಿಯಲ್ಲೂ ಅದೇ ಸಾಲು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆವು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದರ ಅಂಕ 40ರಿಂದ 65ಕ್ಕೆ ಏರಿದೆ ಎಂದು ಎರಡರಲ್ಲೂ ಇತ್ತು, ಪೆನ್ಸಿಲ್ ಹಿಡಿತ, ಕುಳಿತುಕೊಳ್ಳುವ ಅವಧಿ, ಎಲ್ಲ ಅಂಕಿಗಳೂ ಒಂದೇ. ಬದಲಾಗಿದ್ದದ್ದು ಹೆಸರು ಮತ್ತು ವಯಸ್ಸು ಮಾತ್ರ. ಅಷ್ಟೇ ಅಲ್ಲ, ಗೌರಿ ಗಣೇಶ ಹಬ್ಬಕ್ಕೆ ನಾವು ಊರಿಗೆ ಹೋಗಿದ್ದ ದಿನಗಳಲ್ಲೂ ನನ್ನ ಮಗನಿಗೆ ಸೆಷನ್ ನಡೆದಿದೆ ಎಂದು ಹಾಜರಿಯಲ್ಲಿ ಬರೆದಿತ್ತು, ಅದರ ಮುಂದೆ ‘ಉತ್ತಮ ಸಹಕಾರ’ ಎಂಬ ಷರಾ ಬೇರೆ. ನನ್ನ ಕೈ ನಡುಗಿತು. ಆ ತಾಯಿ ಅಳಲು ಶುರು ಮಾಡಿದರು. ಅದೇ ಕಾಗದವನ್ನು ಎದೆಗವಚಿಕೊಂಡು ಎಷ್ಟು ತಾಯಂದಿರು ಆ ಮೆಟ್ಟಿಲಿಳಿದು ಹೋಗಿರಬಹುದು ಎಂದು ಯೋಚಿಸಿದರೆ ಈಗಲೂ ಹೊಟ್ಟೆಯೊಳಗೆ ಬೆಂಕಿ ಬೀಳುತ್ತದೆ.

ನಾವಿಬ್ಬರೂ ಒಳಗೆ ಹೋಗಿ ಕೇಳಿದೆವು. ಮೊದಲು ‘ಸಾಫ್ಟ್‌ವೇರ್ ತೊಂದರೆ’ ಎಂದರು. ಹಬ್ಬದ ದಿನಗಳ ಬಗ್ಗೆ ಕೇಳಿದಾಗ ‘ಅದು ಆನ್‌ಲೈನ್ ಮಾರ್ಗದರ್ಶನದ ಲೆಕ್ಕ’ ಎಂದರು, ನನಗೆ ಅಂಥ ಒಂದು ಕರೆಯೂ ಬಂದಿರಲಿಲ್ಲ. ಉಳಿದ ಹಣವನ್ನು ಹಿಂತಿರುಗಿಸಿ ಎಂದಾಗ ನಾವು ಸಹಿ ಮಾಡಿದ್ದ ಅರ್ಜಿಯನ್ನು ತಂದು ತೋರಿಸಿ, ‘ಹಣ ವಾಪಸ್ ಇಲ್ಲ ಎಂದು ಇಲ್ಲಿ ಬರೆದಿದೆ ಮೇಡಂ, ನೀವು ಓದಿದವರು’ ಎಂದರು. ಕೊನೆಗೆ ಧ್ವನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ನಿಮ್ಮ ಮಗನ ಮೆದುಳು ಥೆರಪಿಯನ್ನು ಗ್ರಹಿಸುತ್ತಿಲ್ಲ, ನಮ್ಮ ಪರಿಚಯದ ವೈದ್ಯರ ಬಳಿ ಸ್ಟೆಮ್ ಸೆಲ್ ಚಿಕಿತ್ಸೆ (ಮೂಲ ಜೀವಕೋಶಗಳನ್ನು ದೇಹಕ್ಕೆ ಸೇರಿಸುವ ಚಿಕಿತ್ಸೆ) ಮಾಡಿಸಿದರೆ ಇದೇ ಥೆರಪಿ ಹತ್ತು ಪಟ್ಟು ಕೆಲಸ ಮಾಡುತ್ತದೆ, ನಿಮಗಾಗಿ ರಿಯಾಯಿತಿ ಕೇಳುತ್ತೇನೆ ಎಂದು. ಒಂದು ಮೋಸ ಬಯಲಾದ ಅದೇ ಮೇಜಿನ ಮೇಲೆ ಇನ್ನೊಂದು ಮೋಸವನ್ನು ಹರಡಿದ ಧೈರ್ಯ ನೋಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ಬರೆದುಕೊಡುವುದೂ ಪ್ರಚಾರ ಮಾಡುವುದೂ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ. ದಯವಿಟ್ಟು ಇದನ್ನು ನಿಮ್ಮ ಬಂಧುಗಳಿಗೂ ತಿಳಿಸಿ, ಏಕೆಂದರೆ ‘ಯಾರೋ ಮಾಡಿಸಿ ಗುಣವಾಯಿತಂತೆ’ ಎಂಬ ಸುದ್ದಿ ಸಾಮಾನ್ಯವಾಗಿ ಅವರ ಮೂಲಕವೇ ಬರುತ್ತದೆ.

ನನ್ನ ಮಗನಿಗೆ ಸ್ಪೀಚ್ ಥೆರಪಿ ಕೊಡುತ್ತಿದ್ದ ಹುಡುಗಿ ಬಿ.ಕಾಂ. ಮುಗಿಸಿ ಅಲ್ಲಿಯೇ ಕೆಲವು ವಾರಗಳ ತರಬೇತಿ ಪಡೆದವಳೆಂಬುದು ಆಮೇಲೆ ತಿಳಿಯಿತು. ಅವಳ ಮೇಲೆ ನನಗೆ ಕೋಪವಿಲ್ಲ, ಅವಳಿಗೆ ಅಲ್ಲಿ ಸಂಬಳವೂ ಸರಿಯಾಗಿ ಬರುತ್ತಿರಲಿಲ್ಲವಂತೆ. ಸ್ಪೀಚ್ ಥೆರಪಿಸ್ಟರೂ ವಿಶೇಷ ಶಿಕ್ಷಕರೂ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು, 1992ರ ಕಾಯ್ದೆ ಹಾಗೆ ಹೇಳುತ್ತದೆ. ನೋಂದಣಿ ಸಂಖ್ಯೆ ಕೇಳಿ. ನಿರ್ದೇಶಕರ ಸಂಖ್ಯೆಯನ್ನಲ್ಲ, ನಿಮ್ಮ ಮಗುವಿನ ಜೊತೆ ಕೋಣೆಯಲ್ಲಿ ಕೂರುವವರ ಸಂಖ್ಯೆಯನ್ನು ಕೇಳಿ. ಬಾಗಿಲು ಹಾಕಿಕೊಳ್ಳುವವರ ಕೈಗೆ ಮಾತು ಬಾರದ ಮಗುವನ್ನು ಒಪ್ಪಿಸಬೇಡಿ, ಒಳಗೆ ಏನಾಯಿತೆಂದು ಆ ಮಗು ನಿಮಗೆ ಹೇಳಲಾರದು.

ಈಗ ನಾವು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಿದ್ದೇವೆ. ಸರದಿ ಬರುವವರೆಗೆ ಕಾಯಬೇಕಾಯಿತು, ಆದರೆ ಅಲ್ಲಿ ನಾನೂ ಮಗನ ಪಕ್ಕದಲ್ಲೇ ಕೂರುತ್ತೇನೆ. ಎಷ್ಟು ದಿನಕ್ಕೆ ಮಾತು ಬರುತ್ತದೆಂದು ಅಲ್ಲಿ ಯಾರೂ ನನಗೆ ಹೇಳಿಲ್ಲ. ಬೇಕಾದ್ದರ ಚಿತ್ರದ ಕಾರ್ಡನ್ನು ನಮ್ಮ ಕೈಗಿತ್ತು ಅದನ್ನು ಕೇಳಿ ಪಡೆಯುವುದನ್ನು ಅವನಿಗೆ ಕಲಿಸುತ್ತಿದ್ದಾರೆ, ಮನೆಯಲ್ಲಿ ಅತ್ತೆಯವರೂ ಕಲಿಸುತ್ತಾರೆ. ಮೊಸರಿನ ಚಿತ್ರವಿರುವ ಕಾರ್ಡನ್ನು ಅವನು ಅಜ್ಜಿಗೇ ಒಯ್ದು ಕೊಡುತ್ತಾನೆ. ಅವರು ಬೆಂಗಳೂರಿನ ಆ ಮಾತನ್ನು ಮರೆತಿಲ್ಲ, ನಾನು ಎಷ್ಟು ಸಮಾಧಾನ ಹೇಳಿದರೂ ‘ನಾನು ಅವತ್ತು ಕೊಡದೆ ಇದ್ದಿದ್ದರೆ ಮಗು ಮಾತಾಡ್ತಿತ್ತೇನೋ’ ಎನ್ನುತ್ತಾರೆ. ಇದಕ್ಕೆ ಆ ಕೇಂದ್ರದವರು ಯಾವ ರಿಯಾಯಿತಿ ಕೊಡುತ್ತಾರೆ?

ಇನ್ನೊಬ್ಬ ತಾಯಿಯೂ ನಾನೂ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟಿದ್ದೇವೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ದೂರು ಕೊಟ್ಟ ವಾರವೇ ಕೇಂದ್ರದಿಂದ ಕರೆ ಬಂತು: ‘ಹಳೆಯ ವರದಿಯನ್ನು ತಂದುಕೊಡಿ ಮೇಡಂ, ತಿದ್ದಿ ಹೊಸದು ಕೊಡುತ್ತೇವೆ.’ ನಾನು ಕೊಡಲಿಲ್ಲ. ನಿಮ್ಮ ಬಳಿಯೂ ಇಂಥ ವರದಿ, ರಸೀದಿ, ವಾಟ್ಸ್ಆ್ಯಪ್ ಸಂದೇಶಗಳಿದ್ದರೆ ಮೂಲ ಪ್ರತಿಯನ್ನು ಯಾವ ಕಾರಣಕ್ಕೂ ಅವರ ಕೈಗೆ ಹಿಂದಿರುಗಿಸಬೇಡಿ.