ಅನಿಲಗಳ ಗಾತ್ರವನ್ನು ಅಂದಾಜಿಸುವುದನ್ನು ಕಲಿಸುವ ಸಿಇಟಿ ತರಬೇತಿ: ಸೇರಬಹುದೇ?

ಸಿಇಟಿಯ ರಸಾಯನಶಾಸ್ತ್ರ ಪತ್ರಿಕೆಯಲ್ಲಿ 80 ನಿಮಿಷಗಳಿಗೆ 60 ಪ್ರಶ್ನೆಗಳಿರುತ್ತವೆ, ಕ್ಯಾಲ್ಕ್ಯುಲೇಟರ್‌ಗೆ ಅವಕಾಶವಿಲ್ಲ. ಅನಿಲಗಳ ಗಾತ್ರದ ಲೆಕ್ಕಗಳನ್ನು ಉದ್ದನೆಯ ಗುಣಾಕಾರವಿಲ್ಲದೆ ಬಿಡಿಸುವುದನ್ನು ಕಲಿಸಲೆಂದು ನಮ್ಮೂರಿನ ಕೋಚಿಂಗ್ ಕೇಂದ್ರವೊಂದು ಭಾನುವಾರಗಳಂದು ಕಿರು ತರಬೇತಿ ನಡೆಸುತ್ತಿದೆ. ಪಿಯು ತರಗತಿಗಳಿಗೆ ಇದೇ ವಿಷಯ ಬೋಧಿಸುವ ನನ್ನನ್ನು ವಿದ್ಯಾರ್ಥಿಗಳು ‘ಸೇರಬಹುದೇ?’ ಎಂದು ಕೇಳುತ್ತಿದ್ದುದರಿಂದ, ಅನುಮತಿ ಪಡೆದು ತರಗತಿಗಳಲ್ಲಿ ಕುಳಿತು ನೋಡಿದೆ.

ಇಲ್ಲಿನ ದೊಡ್ಡ ಗುಣವೆಂದರೆ, ಲೆಕ್ಕಕ್ಕೆ ಕೈಹಾಕುವ ಮೊದಲು ನಾಲ್ಕೂ ಆಯ್ಕೆಗಳನ್ನು ಓದಿಸುತ್ತಾರೆ. 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ವಿಭಜನೆಯಾದಾಗ 27 ಡಿಗ್ರಿ ಸೆಲ್ಸಿಯಸ್ ಮತ್ತು 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಸಿಗುವ ಇಂಗಾಲದ ಡೈಆಕ್ಸೈಡ್ ಎಷ್ಟು ಲೀಟರ್ ಎಂಬ ಪ್ರಶ್ನೆಯನ್ನೇ ನೋಡಿ. ಸಿಗುವ ಅನಿಲ 0.1 ಮೋಲ್ (ಮೋಲ್ ಎಂದರೆ ಕಣಗಳ ಎಣಿಕೆಯ ಅಳತೆ), ಅದೇ ಒತ್ತಡದಲ್ಲಿ ಸೊನ್ನೆ ಡಿಗ್ರಿಯಲ್ಲಿ 2.24 ಲೀಟರ್. ತಾಪಮಾನ 273 ಕೆಲ್ವಿನ್‌ನಿಂದ 300ಕ್ಕೆ ಏರಿದರೆ ಗಾತ್ರ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಹಿಗ್ಗುತ್ತದೆ, ಹಾಗಾಗಿ 2.46ರ ಆಯ್ಕೆ ತಾನಾಗಿ ಎದ್ದು ಕಾಣುತ್ತದೆ. ಒತ್ತಡ ಇಮ್ಮಡಿಯಾದರೆ ಅದರ ಅರ್ಧ, 1.23. ಸೂತ್ರದಲ್ಲಿ ಅಂಕಿಗಳನ್ನು ತುಂಬುವುದಷ್ಟನ್ನೇ ಬಲ್ಲ ಮಕ್ಕಳು ಅನಿಲ ಯಾವ ಕಡೆಗೆ, ಎಷ್ಟು ಸರಿಯುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ್ದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. 5 ಲೀಟರ್ ಪ್ರೊಪೇನ್ ಉರಿಯಲು 25 ಲೀಟರ್ ಆಮ್ಲಜನಕ ಬೇಕು, ಗಾಳಿಯಾದರೆ ಅದರ ಐದರಷ್ಟು, ಅಂದರೆ ಸುಮಾರು 125 ಲೀಟರ್ ಬೇಕು ಎಂಬುದನ್ನು ಮೋಲ್‌ಗಳ ಗೊಡವೆಯೇ ಇಲ್ಲದೆ ಹೇಳಿಸಿದ್ದೂ ಚೆನ್ನಾಗಿತ್ತು.

ಆದರೆ ಕೈಪಿಡಿಯ ಪುಟಪುಟದಲ್ಲೂ 22.4 ಎಂಬ ಸಂಖ್ಯೆ (1 ಅಟ್ಮಾಸ್ಫಿಯರ್‌ನಲ್ಲಿ, ಸೊನ್ನೆ ಡಿಗ್ರಿಯಲ್ಲಿ ಒಂದು ಮೋಲ್ ಅನಿಲದ ಗಾತ್ರ, ಲೀಟರ್‌ಗಳಲ್ಲಿ) ಯಾವ ಷರತ್ತೂ ಇಲ್ಲದೆ ಅಚ್ಚಾಗಿದೆ, ಇದನ್ನು ಒಪ್ಪಲಾಗದು. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಪ್ಯಾಕ್ 1982ರಲ್ಲೇ ಪ್ರಮಾಣಿತ ಒತ್ತಡವನ್ನು 1 ಅಟ್ಮಾಸ್ಫಿಯರ್‌ನಿಂದ ಅದಕ್ಕಿಂತ ತುಸು ಕಡಿಮೆಯ 1 ಬಾರ್‌ಗೆ ಬದಲಿಸಿತು. ಆ ಒತ್ತಡದಲ್ಲಿ, ಸೊನ್ನೆ ಡಿಗ್ರಿಯಲ್ಲಿ, ಒಂದು ಮೋಲ್ ಆದರ್ಶ ಅನಿಲದ ಗಾತ್ರ 22.7 ಲೀಟರ್. ವ್ಯತ್ಯಾಸ ಶೇಕಡ ಒಂದೂಕಾಲರ ಆಸುಪಾಸಿನದು, ನಿಜ. ಆದರೂ 2.24 ಮತ್ತು 2.27 ಎರಡೂ ಆಯ್ಕೆಗಳಲ್ಲಿ ಕುಳಿತಿದ್ದರೆ ಯಾವ ಅಂದಾಜೂ ಕಾಪಾಡದು, ಪ್ರಶ್ನೆಯಲ್ಲಿರುವುದು ಬಾರ್‌ನೋ ಅಟ್ಮಾಸ್ಫಿಯರೋ ಎಂದು ನೋಡಲೇಬೇಕು.

ನೀರಿನ ಮೇಲೆ ಸಂಗ್ರಹಿಸಿದ ಅನಿಲದ ಬಗ್ಗೆ ಒಂದು ವಾಕ್ಯವೂ ಇಲ್ಲದಿರುವುದು ಇನ್ನೂ ದೊಡ್ಡ ಕೊರತೆ. ಅಂಥ ಅನಿಲದಲ್ಲಿ ನೀರಾವಿಯೂ ಬೆರೆತಿರುತ್ತದೆ; 27 ಡಿಗ್ರಿಯಲ್ಲಿ ಅದರ ಒತ್ತಡ ಪಾದರಸದ ಸುಮಾರು 27 ಮಿಲಿಮೀಟರ್, ಎಂದರೆ 1 ಅಟ್ಮಾಸ್ಫಿಯರ್‌ನ 760 ಮಿಲಿಮೀಟರ್‌ನಲ್ಲಿ ಶೇಕಡ ಮೂರೂವರೆ. ಡ್ಯೂಮಾ ವಿಧಾನದಲ್ಲಿ ನೈಟ್ರೋಜನ್ ಪ್ರಮಾಣ ಕಂಡುಹಿಡಿಯುವ ಲೆಕ್ಕಗಳಲ್ಲಿ ಇದನ್ನು ಕಳೆಯದೆ ಹೋದವರಿಗೆ ಕಾಯುತ್ತಿರುವಂತೆ ಒಂದು ತಪ್ಪು ಆಯ್ಕೆ ಇದ್ದೇ ಇರುತ್ತದೆ.

ಶುಲ್ಕ ಹೊರೆಯಲ್ಲ. ಮೋಲ್ ಪರಿಕಲ್ಪನೆ ಗಟ್ಟಿಯಾಗಿರುವ ದ್ವಿತೀಯ ಪಿಯು ವಿದ್ಯಾರ್ಥಿಗಳು ಧಾರಾಳವಾಗಿ ಸೇರಬಹುದು. ಸಮೀಕರಣ ಸರಿದೂಗಿಸಲು ಇನ್ನೂ ತಡವರಿಸುವವರು ಮೊದಲು ಅದನ್ನು ಕಲಿತು, ಮುಂದಿನ ತಂಡಕ್ಕೆ ಹೆಸರು ಕೊಡುವುದು ಒಳಿತು. ಅಷ್ಟರೊಳಗೆ ಕೈಪಿಡಿಯೂ ತಿದ್ದುಪಡಿಯಾಗಲಿ ಎಂದು ಸಂಚಾಲಕರಿಗೆ ಬರೆದು ಕೊಟ್ಟಿದ್ದೇನೆ.