ಲ್ಯಾಪ್‌ಟಾಪ್ ಜೊತೆ ಬರೋ ಬೇಡದ ಸಾಫ್ಟ್‌ವೇರ್: ಅನ್‌ಇನ್‌ಸ್ಟಾಲರ್ ಸಾಕಾ, ವಿಂಡೋಸನ್ನೇ ಹೊಸದಾಗಿ ಹಾಕ್ಬೇಕಾ?

ಎರಡೂ ಮಾಡಿ ನೋಡಿದೀನಿ, ನನ್ನ ಓಟು ಪೆನ್‌ಡ್ರೈವಿಂದ ವಿಂಡೋಸ್ ಹೊಸದಾಗಿ ಹಾಕೋದಕ್ಕೇ. ಮಗಳ ಓದಿಗೆ ಅಂತ ತಗೊಂಡ ವಿಂಡೋಸ್ 11 ಲ್ಯಾಪ್‌ಟಾಪಲ್ಲಿ ಟ್ರಯಲ್ ಆಂಟಿವೈರಸ್, ಗೇಮ್ ಶಾರ್ಟ್‌ಕಟ್‌ಗಳು, ಕಂಪನಿಯವರದೇ ಏನೇನೋ ಅಸಿಸ್ಟೆಂಟುಗಳು ತುಂಬ್ಕೊಂಡಿದ್ವು, ಆನ್‌ಲೈನ್ ಕ್ಲಾಸ್ ನಡೀತಿದ್ರೆ ಮೂಲೇಲಿ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗ್ಲೇ ರಿನ್ಯೂ ಮಾಡಿ" ಅಂತ ಪಾಪ್‌ಅಪ್, ಮಗು ಹೆದರ್ಕೊಂಡು ಕರೆಯೋದು. ದುಡ್ಡು ಕೊಟ್ಟು ತಂದ ಮಷೀನಲ್ಲಿ ಇನ್ನೊಬ್ಬರ ಜಾಹೀರಾತು ನಾವ್ಯಾಕೆ ನೋಡ್ಬೇಕು?

ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಕೊಡೋದು ಗೇಮ್‌ಗಳಿಗೆ ಸಾಕು. ಆಂಟಿವೈರಸ್ ಹೋದ್ರೂ ಅದರ ಫೋಲ್ಡರು, ಸರ್ವಿಸು ಅಲ್ಲಲ್ಲೇ ಉಳ್ಕೊಳುತ್ತೆ. ಅದನ್ನ ತೆಗೆದ್ರೆ ರಕ್ಷಣೆ ಇರಲ್ಲ ಅಂತ ಭಯ ಬೇಡ, ವಿಂಡೋಸಿನ ಡಿಫೆಂಡರ್ ತಾನಾಗೇ ಆನ್ ಆಗುತ್ತೆ.

ರೇವೋ ಅನ್‌ಇನ್‌ಸ್ಟಾಲರ್ ಫ್ರೀ ಚೆನ್ನಾಗಿದೆ, ಪ್ರೋಗ್ರಾಂ ತೆಗೆದ ಮೇಲೆ ಉಳಿದಿರೋ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಬರೆದಿಟ್ಕೊಳ್ಳೋ ಜಾಗ) ಕಸಾನೂ ಹುಡುಕಿ ತೋರಿಸುತ್ತೆ, ಆದ್ರೆ ಯಾವುದಕ್ಕೆ ಟಿಕ್ ಹಾಕ್ಬೇಕು ಅಂತ ನಾವೇ ಯೋಚಿಸ್ಬೇಕು. ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್ ಅದಕ್ಕಿಂತ ಇಷ್ಟ ಆಯ್ತು: ಓಪನ್ ಸೋರ್ಸ್, ಪೂರ್ತಿ ಉಚಿತ, ಒಟ್ಟಿಗೆ ಹತ್ತಾರು ಸೆಲೆಕ್ಟ್ ಮಾಡಿ ತೆಗೀಬಹುದು. ವಿಂಡೋಸಲ್ಲೇ ಇರೋ "ರೀಸೆಟ್ ದಿಸ್ ಪಿಸಿ" ಕೊಟ್ರೆ ಕಂಪನಿ ಸಾಫ್ಟ್‌ವೇರ್ ಎಷ್ಟೋ ಸಲ ವಾಪಸ್ ಬಂದು ಕೂರುತ್ತೆ, ಅದು ಲೆಕ್ಕಕ್ಕಿಲ್ಲ.

ಹೊಸದಾಗಿ ಹಾಕೋದಕ್ಕೆ 8 ಜಿಬಿ ಪೆನ್‌ಡ್ರೈವ್, ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ (ಪೆನ್‌ಡ್ರೈವಿಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿಕೊಡೋ ಸಾಫ್ಟ್‌ವೇರ್) ಇದ್ರೆ ಆಯ್ತು. ವಿಂಡೋಸಿನ ಲೈಸೆನ್ಸ್ ಕೀ ಕೇಳಲ್ಲ, ಅದು ಮದರ್‌ಬೋರ್ಡಲ್ಲೇ ಇರುತ್ತೆ.

ತಲೆ ತಿಂದಿದ್ದು ಒಂದೇ. ಎಲ್ಲಿ ಇನ್‌ಸ್ಟಾಲ್ ಮಾಡ್ಬೇಕು ಅಂತ ಕೇಳೋ ಸ್ಕ್ರೀನಲ್ಲಿ ಡಿಸ್ಕೇ ಕಾಣ್ಸಲ್ಲ! ಲಿಸ್ಟ್ ಖಾಲಿ. ಎಸ್‌ಎಸ್‌ಡಿ ಸತ್ತೋಯ್ತಾ ಅಂತ ಎದೆ ಧಸಕ್ ಅನ್ನುತ್ತೆ, ಏನೂ ಆಗಿರಲ್ಲ. ಇಂಟೆಲ್ 11ನೇ ತಲೆಮಾರಿಂದೀಚೆಗಿನ ಎಷ್ಟೋ ಲ್ಯಾಪ್‌ಟಾಪಲ್ಲಿ ವಿಎಂಡಿ ಅಂತ ಎಸ್‌ಎಸ್‌ಡಿ ನೋಡ್ಕೊಳ್ಳೋ ಒಂದು ವ್ಯವಸ್ಥೆ ಆನ್ ಆಗಿರುತ್ತೆ, ಅದರ ಡ್ರೈವರ್ (ಅದರ ಜೊತೆ ವಿಂಡೋಸ್ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್) ಪೆನ್‌ಡ್ರೈವಲ್ಲಿ ಇಲ್ಲ ಅಂದ್ರೆ ಇನ್‌ಸ್ಟಾಲರಿಗೆ ಡಿಸ್ಕ್ ಗೊತ್ತಾಗಲ್ಲ. ನಿಮ್ಮ ಮಾಡೆಲಿನ ಸಪೋರ್ಟ್ ಪೇಜಿಂದ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ (ವಿಎಂಡಿಗೆ ಬೇಕಾದ್ದು ಇದೇ) ಮೊದಲೇ ಇಳಿಸ್ಕೊಂಡು, ಇಎಕ್ಸ್‌ಇ ಫೈಲನ್ನ ಹಾಗೇ ಹಾಕ್ದೆ ಅದರೊಳಗಿನ ಫೈಲುಗಳನ್ನ ಹೊರಗೆ ತೆಗೆದು (ಎಕ್ಸ್‌ಟ್ರಾಕ್ಟ್ ಮಾಡಿ), ಐಎನ್‌ಎಫ್ ಫೈಲ್ ಇರೋ ಫೋಲ್ಡರನ್ನ ಪೆನ್‌ಡ್ರೈವಿಗೆ ಹಾಕಿ, ಆ ಸ್ಕ್ರೀನಲ್ಲಿ "ಲೋಡ್ ಡ್ರೈವರ್" ಒತ್ತಿ ಅದನ್ನ ತೋರಿಸಿ. ಡಿಸ್ಕ್ ಟಕ್ ಅಂತ ಬರುತ್ತೆ.

ಅಲ್ಲಿಗೂ ಮುಗಿಯಲ್ಲ, ಮುಂದೆ ವೈಫೈ ಡ್ರೈವರ್ರೂ ಇರ್ದೇ ಇರಬಹುದು, ಇಂಟರ್ನೆಟ್ ಇಲ್ದೆ ಸೆಟಪ್ ಮುಂದಕ್ಕೆ ಹೋಗಲ್ಲ. ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ನನಗೆ ಕೆಲಸ ಆಯ್ತು.

ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ರೆ ಡಿಸ್ಕ್ ಅಳಿಸೋಕೆ ಮುಂಚೆ ಅದನ್ನ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿಸ್ಕೊಳ್ಳಿ, ಆಮೇಲೆ ಅಕೌಂಟಿಂದಲೇ ಡೌನ್‌ಲೋಡ್ ಸಿಗುತ್ತೆ. ರಿಕವರಿ ಪಾರ್ಟಿಷನ್ ಅಳಿಸಿದ್ರೆ ಫ್ಯಾಕ್ಟರಿ ಇಮೇಜ್ (ಕಂಪನಿ ಕೊಟ್ಟಾಗ ಇದ್ದ ವಿಂಡೋಸಿನ ಕಾಪಿ) ಹೋಯ್ತು ಅಂತ್ಲೇ ಲೆಕ್ಕ, ನನಗಂತೂ ಅದು ಬೇಡ.

ಮನೇಲಿ ಪೆನ್‌ಡ್ರೈವ್ ಬಿದ್ದಿತ್ತು, ಒಂದು ರೂಪಾಯಿ ಖರ್ಚಾಗ್ಲಿಲ್ಲ, ವಾಪಸ್ ಹಾಕ್ಕೊಂಡಿದ್ದು ಬ್ರೌಸರ್, ವಿಎಲ್‌ಸಿ, ನುಡಿ ಮತ್ತೆ ಆಫೀಸ್ ಅಷ್ಟೇ. ಹಳೇ ಮಷೀನು, ಟ್ಯಾಲಿ ಗೀಲಿ ಸೆಟ್ ಮಾಡಿಟ್ಟಿರೋದು ಆದ್ರೆ ಅಷ್ಟೆಲ್ಲಾ ಮತ್ತೆ ಕೂರಿಸೋದು ಕಷ್ಟ, ಅಂಥೋರು ಬಲ್ಕ್ ಕ್ರ್ಯಾಪ್ ಹಾಕ್ಕೊಳ್ಳಿ. ಹೊಸದಾಗಿ ತಗೊಂಡೋರು ಮಾತ್ರ ಏನೂ ತುಂಬೋಕೆ ಮುಂಚೆ, ಬಂದ ವಾರದಲ್ಲೇ ಇದನ್ನ ಮಾಡಿ ಮುಗಿಸಿ.