ಡಂಜನ್ಸ್ ಅಂಡ್ ಡ್ರಾಗನ್ಸ್ ಆಯ್ತು, ಮುಂದೆ ಯಾವ ಆಟ?

ಬಳ್ಳಾರಿಯ ನಮ್ಮ ಗುಂಪಿಗೆ ಹೊಸದಾಗಿ ಸೇರುವವರು ಇದನ್ನೇ ಕೇಳುತ್ತಾರೆ. ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ ಅದು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಕೈಹಾಕಿದ ಕೆಲಸ ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಇಂಥ ಬೇರೆ ಆಟಗಳೂ ಇವೆ. ನಾವು ಹೆಚ್ಚು ಆಡಿರುವುದು ಮೂರು.

ಡ್ರೆಡ್ ನನಗೆ ತುಂಬಾ ಇಷ್ಟ. ಇದರಲ್ಲಿ ದಾಳವೇ ಇಲ್ಲ. ನಡುವೆ 54 ಮರದ ತುಂಡುಗಳ ಜೆಂಗಾ ಗೋಪುರ ಇರುತ್ತದೆ. ನಿಮ್ಮ ಪಾತ್ರ ಕಷ್ಟದ ಕೆಲಸಕ್ಕೆ ಕೈಹಾಕಿದರೆ ಒಂದು ತುಂಡು ಎಳೆದು ಮೇಲಿಡಬೇಕು. ಗೋಪುರ ಬಿದ್ದರೆ ಆ ಪಾತ್ರದ ಕಥೆ ಮುಗಿಯಿತು. ಏಪ್ರಿಲ್‌ನಲ್ಲಿ ಕೋಟೆ ಗುಡ್ಡದ ಮೇಲೆ ಕತ್ತಲಲ್ಲಿ ಸಿಕ್ಕಿಕೊಂಡವರ ಕಥೆ ಆಡಿದೆವು. ಗಾಳಿಗೆ ಗೋಪುರ ಅಲುಗೀತು ಅಂತ ಫ್ಯಾನ್ ಆಫ್ ಮಾಡಿದ್ದೆವು. ಮಿರ್ಚಿ ತಿಂದ ಕೈಯನ್ನು ಟವೆಲ್‌ಗೆ ಎರಡೆರಡು ಸಲ ಒರೆಸಿಕೊಂಡು ತಂಗಿ ಒಂದು ತುಂಡು ಎಳೆದಳು. ಯಾರೂ ಉಸಿರು ಬಿಡಲಿಲ್ಲ. ಆ ಭಯ ದಾಳದಿಂದ ಬರುವುದಿಲ್ಲ.

ಕಾಲ್ ಆಫ್ ಕ್ಥುಲು 1981ರಿಂದ ಇದೆ. ಇದೂ ಭಯದ ಆಟವೇ, ಆದರೆ ನಿಧಾನ. ಸುಳಿವು ಹುಡುಕಬೇಕು, ಹಳೇ ಕಾಗದ ಓದಬೇಕು. ಶೇಕಡಾ ಲೆಕ್ಕ. ಗ್ರಂಥಾಲಯದಲ್ಲಿ ಹುಡುಕುವ ನಿಮ್ಮ ಕೌಶಲ 60 ಇದ್ದರೆ, 1ರಿಂದ 100ರವರೆಗಿನ ದಾಳದಲ್ಲಿ 60 ಅಥವಾ ಕಡಿಮೆ ಬೀಳಬೇಕು. ನೋಡಬಾರದ್ದನ್ನು ನೋಡಿದಷ್ಟೂ ಮನಸ್ಸಿನ ಸ್ಥಿಮಿತ ಕುಸಿಯುತ್ತದೆ. ವಾರವಾರ ಸೇರುವ ಗುಂಪಿಗೆ ಇದೇ ಸರಿ. ನಡೆಸುವವರಿಗೆ ಮಾತ್ರ ತಯಾರಿ ಜಾಸ್ತಿ.

ಆಟ ನಡೆಸಲು ಯಾರೂ ಒಪ್ಪುತ್ತಿಲ್ಲವಾ? ಫಿಯಾಸ್ಕೊ ತೆಗೆದುಕೊಳ್ಳಿ. ಮೂರರಿಂದ ಐದು ಜನ, ಒಂದೇ ಸಂಜೆ ಸಾಕು. ದುರಾಸೆಯ ಮಂದಿ ಎಡವಟ್ಟು ಮಾಡಿಕೊಳ್ಳುವ ಕಥೆ. ಮಾತಾಡಲು ನಾಚುವವರಿಗೆ ಮೊದಲು ಇದನ್ನು ಕೊಡಬೇಡಿ, ಡ್ರೆಡ್ ಕೊಡಿ.